ಮನೆ ಹಾಲಾದರೆ ನಿಶ್ಚಿಂತೆಯಿಂದ ಕುಡಿಯಬಹುದಾ?

ದೊಡ್ಡ ಡೇರಿ ಫಾರ್ಮುಗಳಲ್ಲಿ ಹಸುಗಳಿಗೆ ಹಿಂಸೆ ಆಗುತ್ತದಂತೆ, ಶಿರಸಿ ಕಡೆಯ ಮನೆ ಹಾಲಾದರೆ ಆ ಚಿಂತೆ ಇಲ್ಲವಾ ಅಂತ ಕೇಳಿದ್ದೀರಿ. ನಾನು ಶಿರಸಿ ಹತ್ತಿರದ ಅಡಿಕೆ ತೋಟದ ಮನೆಯವನು. ಕೊಟ್ಟಿಗೆಯಲ್ಲಿ ಒಂದು ಜೆರ್ಸಿ ಮಿಶ್ರತಳಿ, ಎರಡು ಮಲೆನಾಡು ಗಿಡ್ಡ (ಇಲ್ಲಿಯದೇ ಸಣ್ಣ ನಾಟಿ ತಳಿ) ಇವೆ. ಪೂರ್ತಿ ನಿಶ್ಚಿಂತೆ ಬೇಡ ಅನ್ನುತ್ತೇನೆ. ಹೊಡೆತ ಬಡಿತ ನಮ್ಮಲ್ಲಿ ಕಡಿಮೆ. ಕೇಳಬೇಕಾದ್ದು ಕರುವಿನ ವಿಚಾರ.

ಹಾಲು ಕರೆಯುವ ಹೊತ್ತಿಗೆ ಬಂದು ನೋಡಿ. ಮೊದಲು ಕರು ಬಿಡುತ್ತೇವೆ. ಅದು ಕೆಚ್ಚಲಿಗೆ ಗುದ್ದಿ ಗುದ್ದಿ ಚೀಪುತ್ತದೆ. ಒಂದೆರಡು ನಿಮಿಷದಲ್ಲಿ ಹಸು ತೊರೆ ಬಿಡುತ್ತದೆ, ಅಂದರೆ ಮೊಲೆಗೆ ಹಾಲು ಇಳಿಸುತ್ತದೆ. ಆಗ ಕರುವನ್ನು ಎಳೆದು ತಾಯಿಯ ಮುಂದೆ ಕಟ್ಟಬೇಕು. ಸುಲಭಕ್ಕೆ ಬರುವುದಿಲ್ಲ, ನಾಲ್ಕೂ ಕಾಲು ಊರಿ ನಿಲ್ಲುತ್ತದೆ, ಬಾಯಿ ತುಂಬ ನೊರೆ. ತಾಯಿ ಅದನ್ನು ನೆಕ್ಕುತ್ತಾ ನಿಂತಿರುವಾಗ ನಾವು ಕರೆದುಕೊಳ್ಳುತ್ತೇವೆ. ಕರುವಿಗೆ ಅಂತ ಒಂದು ಮೊಲೆ ಪೂರ್ತಿ ಬಿಡುವ ಮನೆಗಳಿವೆ. ಖಾಲಿ ಕೆಚ್ಚಲು ಚೀಪಿಸುವ ಮನೆಗಳೂ ಇವೆ.

ಹೆಣ್ಣು ಕರು ಹೇಗೋ ಬದುಕುತ್ತದೆ, ನಾಳೆ ಹಾಲು ಕೊಡುವುದು ಅದೇ ಅಲ್ವಾ. ಗಂಡಾದರೆ ಕಷ್ಟ. ತೋಟಕ್ಕೆ ಎತ್ತು ಬೇಡ, ಗದ್ದೆಗೆ ಟಿಲ್ಲರ್ ಬಂದಿದೆ, ಜೆರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಥರದ ವಿದೇಶಿ ತಳಿಯ ಹೋರಿಗೆ ನೊಗ ಕೂರಲು ಡುಬ್ಬವೂ ಇಲ್ಲ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಕಾನೂನಿನ ಪ್ರಕಾರ ಹಸು, ಕರು, ಹೋರಿ, ಎತ್ತು ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ವಿನಾಯಿತಿ ಇದೆ. ಕಡಿಯಬಾರದು ಸರಿ, ಸಾಕುವ ಖರ್ಚು ಯಾರದ್ದು? ಹಾಗಾಗಿ ಗಂಡು ಕರು ‘ತಾನಾಗಿ’ ಸೊರಗಿ ಸಾಯುತ್ತದೆ, ಇಲ್ಲವೇ ರಾತ್ರೋರಾತ್ರಿ ಪೇಟೆ ಬದಿಯ ರಸ್ತೆ ಸೇರುತ್ತದೆ. ಹಾಲು ಕೊಡದೆ ಸಾಯಿಸಿದರೆ ಕೊಂದ ಪಾಪ ತಟ್ಟುವುದಿಲ್ಲ ಅನ್ನುವ ಲೆಕ್ಕ ಕೆಲವರದ್ದು. ಈಗ ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವಂಥ ವೀರ್ಯದ ಕಡ್ಡಿ (ಕೃತಕ ಗರ್ಭಧಾರಣೆಗೆ ಬಳಸುವುದು) ಬಂದಿದೆ, ನೂರಕ್ಕೆ ಸುಮಾರು 90 ಹೆಣ್ಣು. ನನಗೆ ಕಂಡ ಮಟ್ಟಿಗೆ ಮಿಶ್ರತಳಿ ಸಾಕುವವರಿಗೆ ಅದೇ ವಾಸಿ.

ಕರು ಸತ್ತರೆ ಎಷ್ಟೋ ಹಸುಗಳು ತೊರೆ ಬಿಡುವುದಿಲ್ಲ. ಆಗ ಆಕ್ಸಿಟೋಸಿನ್ ಚುಚ್ಚುವವರಿದ್ದಾರೆ. ಕರು ಚೀಪಿದಾಗ ಹಸುವಿನ ಮೈಯಲ್ಲೇ ಊರುವ ಹಾರ್ಮೋನ್ ಅದು. ಹಾಲಿಗಾಗಿ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಮುಂದೆ ಸ್ವಲ್ಪ ಹಿಂಡಿ ಇಟ್ಟು, ಕೆಚ್ಚಲನ್ನು ಬೆಚ್ಚಗಿನ ನೀರಲ್ಲಿ ತೊಳೆದು, ದಿನಾ ಒಬ್ಬರೇ ಕರೆದರೆ ಎಷ್ಟೋ ಹಸುಗಳು ಒಗ್ಗಿಕೊಳ್ಳುತ್ತವೆ. ತಾಳ್ಮೆ ಬೇಕು ಅಷ್ಟೇ.

ಗಿಡ್ಡದ ಬದುಕು ಸ್ವಲ್ಪ ಆರಾಮ. ಬೆಳಿಗ್ಗೆ ಬೆಟ್ಟಕ್ಕೆ ಬಿಟ್ಟರೆ ಸಂಜೆ ತಾನೇ ಬರುತ್ತದೆ. ಹಾಲು ಒಂದೆರಡು ಲೀಟರ್. ಮುದಿಯಾದರೂ ನಾವು ಇಟ್ಟುಕೊಳ್ಳುವುದು ಸುಮ್ನೆ ಕರುಣೆಯಿಂದಲ್ಲ, ಗೊಬ್ಬರಕ್ಕೆ. ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಸಗಣಿ ಜೊತೆ ಕೊಳೆತು ಅಡಿಕೆ ಮರದ ಬುಡ ಸೇರುತ್ತದೆ. ತೋಟ ಇಲ್ಲದವರಿಗೆ ಈ ಅನುಕೂಲ ಇಲ್ಲ, ಅವರನ್ನು ಬೈಯುವುದು ಸುಲಭ. ಡೇರಿಯಲ್ಲಿ ಹಾಲಿನ ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದುಡ್ಡು ಕೊಡುತ್ತಾರೆ. ಕರು ಕುಡಿದ ಹಾಲಿಗೆ ಪೈಸೆ ಹುಟ್ಟುವುದಿಲ್ಲ.

ಹಾಲು ಕುಡಿಯುವುದನ್ನು ಬಿಡುವುದು ನಿಮ್ಮಿಷ್ಟ, ನಾನಂತೂ ಬಿಟ್ಟಿಲ್ಲ. ಮನೆ ಹಾಲು ತರುವುದಾದರೆ ಗಂಡು ಕರುಗಳು ಎಲ್ಲಿವೆ ಅಂತ ಕೇಳಿ. ತೋರಿಸಿದರೆ, ಲೀಟರಿಗೆ ಹತ್ತು ರೂಪಾಯಿ ಜಾಸ್ತಿ ಹೇಳಿದರೂ ಚೌಕಾಸಿ ಮಾಡಬೇಡಿ.