ಮಕ್ಕಳ ಕೈಗೆ ಕಂಪಾಸ್ ಕೊಡುವ ಮೊದಲು ಗದ್ದೆಗೆ ಇಳಿಸಿ

13ರಿಂದ 16 ವರ್ಷದ ಮಕ್ಕಳಿಗೆ ಮ್ಯಾಪ್ ಓದುವುದು ಕಲಿಸಬೇಕು, ಯಾವ ಕಂಪಾಸ್ ಕೊಳ್ಳಲಿ, ಬೆಟ್ಟದ ಮೇಲೆ ಎರಡು ದಿನದ ಕ್ಯಾಂಪ್ ಸಾಕಾ ಅಂತ ಕೇಳಿದ್ದೀರಿ. 9 ವರ್ಷದ ಹಿಂದೆ ನಾನೂ ಇದನ್ನೇ ಕಂಡಕಂಡವರನ್ನು ಕೇಳುತ್ತಿದ್ದೆ. ಕೊನೆಗೆ ಒಳ್ಳೆಯ ಕಂಪಾಸನ್ನೇ ಕೊಂಡೆ.

ದಸರಾ ರಜೆ. ಸೋಮವಾರಪೇಟೆ ಕಡೆಯ ಒಂದು ಹುಲ್ಲುಬೆಟ್ಟಕ್ಕೆ ನಮ್ಮೂರಿನ 14 ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಪೂರ್ವದ ಕಡೆಯಿಂದ ಹತ್ತಿದ್ದೆವು, ಇಳಿಯಬೇಕಾದದ್ದೂ ಅಲ್ಲಿಗೇ. ಬುತ್ತಿ ಬಿಚ್ಚಿ ತಿನ್ನುವಷ್ಟರಲ್ಲಿ ಮಂಜು ಮುಚ್ಚಿಕೊಂಡಿತು. ಹತ್ತು ಹೆಜ್ಜೆ ಆಚೆ ನಿಂತವರು ಕಾಣಿಸುತ್ತಿರಲಿಲ್ಲ. ಹುಲ್ಲಿನಲ್ಲಿ ದನ ಓಡಾಡಿದ ದಾರಿಗಳು ಹತ್ತಾರು. ನಾನು ಕಂಪಾಸ್ ತೆಗೆದು ಮ್ಯಾಪಿನ ಮೇಲಿಟ್ಟೆ, ದಿಕ್ಕು ಹಿಡಿದೆ, ಎಲ್ಲರನ್ನೂ ಸಾಲಾಗಿ ಇಳಿಸಿದೆ.

ಸುಮಾರು ಮುಕ್ಕಾಲು ಗಂಟೆ ಇಳಿದಿದ್ದೆವು. ಮಂಜು ಸ್ವಲ್ಪ ಹರಿಯಿತು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: "ಅಣ್ಣಾ, ನಾವು ಪೂರ್ವಕ್ಕೆ ತಾನೆ ಹೋಗ್ತಿರೋದು? ಸಂಜೆ ಸೂರ್ಯ ಎದುರಿಗೆ ಯಾಕಿದ್ದಾನೆ?"

ನಾವು ಪಶ್ಚಿಮಕ್ಕೆ ಇಳಿಯುತ್ತಿದ್ದೆವು. ಕೆಳಗೆ ದಟ್ಟ ಕಾಡು, ಆನೆ ಓಡಾಡುವ ಜಾಗ. ವಾಪಸ್ ಹತ್ತುವಾಗ ಒಬ್ಬನ ಕಾಲು ಉಳುಕಿತು. ಅವನನ್ನು ಹೊತ್ತು ಊರು ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ತಂದೆ ತಾಯಂದಿರು ಟಾರ್ಚ್ ಹಿಡಿದು ರಸ್ತೆಯಲ್ಲಿ ನಿಂತಿದ್ದರು. ಆಮೇಲೆ ಎರಡು ವರ್ಷ ಯಾರೂ ನನ್ನ ಜೊತೆ ಮಕ್ಕಳನ್ನು ಕಳಿಸಲಿಲ್ಲ. ಕಳಿಸದಿದ್ದದ್ದೇ ಸರಿ.

ಆಗಿದ್ದು ಏನು ಅಂದರೆ, ಹಿಂದಿನ ರಾತ್ರಿ ಕಂಪಾಸನ್ನು ಬ್ಯಾಗಿನ ಒಂದೇ ಜೇಬಿನಲ್ಲಿ ಮೊಬೈಲ್ ಜೊತೆ ಇಟ್ಟಿದ್ದೆ. ಮೊಬೈಲ್ ಕವರಿಗೆ ಆಯಸ್ಕಾಂತದ ಕ್ಲಿಪ್ ಇತ್ತು. ಕಂಪಾಸಿನ ಮುಳ್ಳು ತಾನೇ ಒಂದು ಸಣ್ಣ ಆಯಸ್ಕಾಂತ. ಅದಕ್ಕಿಂತ ಬಲವಾದದ್ದು ಪಕ್ಕದಲ್ಲೇ ಇದ್ದರೆ ಮುಳ್ಳಿನ ಧ್ರುವ ಅದಲುಬದಲಾಗಬಹುದು. ಆಮೇಲೂ ಮುಳ್ಳು ಚೆನ್ನಾಗಿಯೇ ತಿರುಗುತ್ತದೆ, ಚೆನ್ನಾಗಿಯೇ ನಿಲ್ಲುತ್ತದೆ. ಕೆಂಪು ತುದಿ ಮಾತ್ರ ದಕ್ಷಿಣ ತೋರಿಸುತ್ತದೆ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನೋಡಿದೆ. ಕೆಂಪು ನನ್ನ ಎಡಗೈ ಕಡೆ ಇರಬೇಕಿತ್ತು. ಬಲಗೈ ಕಡೆ ಇತ್ತು.

ಆದರೆ ತಪ್ಪು ಮುಳ್ಳಿನದಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಮ್ಯಾಪಿನಲ್ಲಿ ನಾವು ಇಳಿಯಬೇಕಾದ ಪೂರ್ವದ ಕಡೆ ಎತ್ತರದ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ದೂರದೂರ ಇದ್ದವು, ಅಂದರೆ ಇಳಿಜಾರು ಕಡಿಮೆ. ಕಾಲ ಕೆಳಗಿನ ನೆಲವಾದರೋ ಹುಲ್ಲು ಹಿಡಿದು ಇಳಿಯುವಷ್ಟು ಕಡಿದಾಗಿತ್ತು. ಅದು ನನಗೆ ಗೊತ್ತಾಗಿತ್ತು! ಮ್ಯಾಪ್ ತೆಗೆದು ನೋಡಿದೆ ಕೂಡ. 'ಮ್ಯಾಪ್ ಹಳೆಯದು' ಅಂದುಕೊಂಡು ಮಡಚಿಟ್ಟೆ. ಬೆಟ್ಟದ ಇಳಿಜಾರು ಹತ್ತಿಪ್ಪತ್ತು ವರ್ಷಕ್ಕೆ ಬದಲಾಗುತ್ತದಾ? ಕಾಲು ಒಂದು ಹೇಳುತ್ತಿತ್ತು, ಮುಳ್ಳು ಇನ್ನೊಂದು. ನಾನು ಮುಳ್ಳನ್ನು ನಂಬಿದೆ.

ಅದಕ್ಕೇ ಹೇಳುತ್ತಿದ್ದೇನೆ, ಯಾವ ಕಂಪಾಸ್ ಅನ್ನುವ ಪ್ರಶ್ನೆಯನ್ನು ಈಗ ಬಿಡಿ. ಬೆಟ್ಟದ ಕ್ಯಾಂಪನ್ನೂ ಬಿಡಿ. ಮೊದಲ ತಿಂಗಳು ಬರೀ ಮ್ಯಾಪ್, ಬರೀ ನೆಲ. ಕೇಂದ್ರ ಸರ್ಕಾರದ ನಕ್ಷೆ ಸಂಸ್ಥೆ ಸರ್ವೆ ಆಫ್ ಇಂಡಿಯಾದ 1:50,000 ಮ್ಯಾಪ್ ತೆಗೆದುಕೊಳ್ಳಿ. ಅದರಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಪ್ರಿಂಟ್ ಹಾಕಿಸುವಾಗ ಅಂಗಡಿಯವರು ಹಾಳೆಗೆ ಹೊಂದುವಂತೆ ಕುಗ್ಗಿಸಿಬಿಡುತ್ತಾರೆ, ಕೆಳಗಿನ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ನೋಡಿ.

ಎತ್ತರದ ಗೆರೆ ಕಲಿಸಲು ಕೊಡಗಿಗಿಂತ ಒಳ್ಳೆಯ ಜಾಗ ಇಲ್ಲ. ಮೆಟ್ಟಿಲು ಮೆಟ್ಟಿಲಾದ ಗದ್ದೆ ಇರುವಲ್ಲಿಗೆ ಕರೆದುಕೊಂಡು ಹೋಗಿ. ಗದ್ದೆಯಲ್ಲಿ ನೀರು ನಿಲ್ಲಬೇಕಾದರೆ ಅದರ ಬದು ಒಂದೇ ಮಟ್ಟದಲ್ಲಿ ಇರಬೇಕು, ಅಲ್ವಾ? ಗುಡ್ಡ ಬಳುಕಿದಂತೆ ಬದುವೂ ಬಳುಕುತ್ತದೆ. ಮ್ಯಾಪಿನ ಗೆರೆಯೂ ಅದೇ. ಒಬ್ಬ ಹುಡುಗನನ್ನು ಬದುವಿನ ಮೇಲೆ ನಡೆಸಿ, ಉಳಿದವರು ಮೇಲೆ ನಿಂತು ಅವನ ದಾರಿಯನ್ನು ಕಾಗದದ ಮೇಲೆ ಬರೆಯಲಿ. ಅರ್ಧ ಗಂಟೆ ಸಾಕು. ಬೋರ್ಡಿನ ಮೇಲೆ ನಾನು ಮೂರು ದಿನ ಹೇಳಿದ್ದೂ ನಮ್ಮ ಹುಡುಗರ ತಲೆಗೆ ಹತ್ತಿರಲಿಲ್ಲ.

ಎರಡನೇ ತಿಂಗಳು ಕಂಪಾಸ್ ಕೊಡಿ. ಪಾರದರ್ಶಕ ಪಟ್ಟಿ ಇರುವ ಸಾಧಾರಣದ್ದು ಸಾಕು. ಪರಿಚಯದವರ ಕಾಫಿ ತೋಟದಲ್ಲಿ ಅಭ್ಯಾಸ ಮಾಡಿಸಿ, ಅಲ್ಲಿ ಯಾವ ಕಡೆ ನೋಡಿದರೂ ಒಂದೇ ಥರ ಕಾಣುತ್ತದೆ. ಕಬ್ಬಿಣ ಹತ್ತಿರ ಇದ್ದರೆ ಮುಳ್ಳು ಅದರ ಕಡೆ ಎಳೆಯುತ್ತದೆ, ಜೀಪಿನ ಬಾನೆಟ್ ಮೇಲೆ ಇಟ್ಟು ದಿಕ್ಕು ನೋಡಬೇಡಿ. ಸೊಂಟದಲ್ಲಿ ಕತ್ತಿ ಇದ್ದರೆ ತೆಗೆದಿಟ್ಟು ನೋಡಿ. ಹೊರಡುವ ಮೊದಲು ಪ್ರತಿ ಸಲವೂ ಸೂರ್ಯನ ಜೊತೆ ಮುಳ್ಳನ್ನು ತಾಳೆ ಹಾಕಿ. ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸದ ಬಗ್ಗೆ ಹೊರದೇಶದ ಪುಸ್ತಕಗಳು ಜಾಸ್ತಿ ಹೆದರಿಸುತ್ತವೆ. ನಮ್ಮಲ್ಲಿ ಅದು ಒಂದೆರಡು ಡಿಗ್ರಿ ಅಷ್ಟೇ. 2 ಡಿಗ್ರಿ ತಪ್ಪಿದರೂ 1 ಕಿ.ಮೀ.ಗೆ ಸುಮಾರು 35 ಮೀಟರ್. ಮಕ್ಕಳಿಗೆ ಈಗಲೇ ಬೇಡ.

ಮೊಬೈಲ್ ನಿಮ್ಮ ಬ್ಯಾಗಿನಲ್ಲಿ ಇರಲಿ, ಕಂಪಾಸಿನಿಂದ ದೂರ. ಕಾಡಿನ ದಾರಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ನಿಮ್ಮೂರು ಸೋಮವಾರಪೇಟೆ, ಮಾದಾಪುರ ಕಡೆ ಆದರೆ ಹೇಳಿ. ಗದ್ದೆಯ ಪಾಠಕ್ಕೆ ಒಂದು ಭಾನುವಾರ ನಾನೂ ಬರುತ್ತೇನೆ.