ಇಪ್ಪತ್ತು ಸಾವಿರದಲ್ಲಿ ನಾಲ್ವರು ಊಟಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾರ್ಚ್ ತಿಂಗಳು ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ಕಡಿಮೆ ಖರ್ಚಿನಲ್ಲಿ ಮನೆಮಂದಿಯನ್ನೆಲ್ಲ ಬೆಟ್ಟದ ಊರಿಗೆ ಕರೆದುಕೊಂಡು ಹೋಗಿ ಬರುವುದು ಹೇಗೆ ಎಂಬುದೇ ಆ ಪ್ರಶ್ನೆ. ಬೆಂಗಳೂರಿನ ಕುಟುಂಬಗಳಿಗೆ ಪ್ರವಾಸ ಯೋಜಿಸಿಕೊಡುವುದು ನನ್ನ ಕೆಲಸವಾದ್ದರಿಂದ, ಅಗ್ಗದ ಜಾಹೀರಾತು ನಂಬಿ ಹೋದವರು ಮಕ್ಕಳ ಕೈಹಿಡಿದು ಬಸವಳಿದು ಮರಳುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಸ್ವೆಟರ್ ಬೇಕೇ, ಗುರುತಿನ ಚೀಟಿ ಬೇಕೇ ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿಲ್ಲ. ಹೆಚ್ಚು ಜನರ ಹಣ ಪೋಲಾಗುತ್ತಿರುವ ಒಂದು ಪ್ರಶ್ನೆಗೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾವಿಬ್ಬರು, ಹನ್ನೊಂದು ಮತ್ತು ಏಳು ವರ್ಷದ ಇಬ್ಬರು ಮಕ್ಕಳು. ಮೇ ಎರಡನೇ ವಾರ ಮೂರು ದಿನದ ಮಟ್ಟಿಗೆ ಊಟಿಗೆ ಹೋಗಬೇಕೆಂದಿದ್ದೇವೆ. ಎಲ್ಲ ಸೇರಿ 20,000 ರೂಪಾಯಿ ದಾಟುವಂತಿಲ್ಲ. ಬಸ್ಸು, ಕೋಣೆ, ತಿಂಡಿ, ಸೈಟ್ ಸೀಯಿಂಗ್ ಎಲ್ಲವೂ ಸೇರಿ ತಲೆಗೆ 3,499 ರೂಪಾಯಿಯ ಪ್ಯಾಕೇಜ್ ಒಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ತೆಗೆದುಕೊಳ್ಳಬಹುದೇ? (ವಿಜಯನಗರದ ಓದುಗರು)

ಉತ್ತರ: ಬೇಡ. ನಾಲ್ವರಿಗೆ 13,996 ರೂಪಾಯಿ ಕೊಟ್ಟು ನೀವು ಪಡೆಯುವುದು ಏನನ್ನು ಎಂಬುದನ್ನು ಆ ಸಂದೇಶದ ಬಣ್ಣದ ಅಕ್ಷರಗಳು ಹೇಳುವುದಿಲ್ಲ, ನಾನು ಹೇಳುತ್ತೇನೆ. ಇಂಥ ಪ್ಯಾಕೇಜುಗಳಲ್ಲಿ ಹೆಚ್ಚಿನವು ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿ ಅಲ್ಲಿಂದ ಮರಳುತ್ತವೆ. ಅಂದರೆ ಎರಡು ರಾತ್ರಿ ಬಸ್ಸಿನ ಸೀಟಿನಲ್ಲೇ ಕಳೆದು, ಹಾಸಿಗೆಯ ಮೇಲೆ ಮಲಗಲು ಸಿಗುವುದು ಒಂದೇ ರಾತ್ರಿ. ಬಂಡೀಪುರದ ಅರಣ್ಯ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ವಿಶೇಷ ಅನುಮತಿ ಪಡೆದ ಕೆಲವೇ ಬಸ್ಸುಗಳನ್ನು ಬಿಟ್ಟರೆ ಉಳಿದ ವಾಹನಗಳು ಗೇಟಿನ ಬಳಿ ಬೆಳಗಾಗುವವರೆಗೆ ಕಾಯಬೇಕು, ಇಲ್ಲವೇ ಸೇಲಂ, ಕೊಯಮತ್ತೂರು, ಮೇಟ್ಟುಪಾಳ್ಯಂ ಸುತ್ತಿಕೊಂಡು ಹೋಗಬೇಕು. ಹೀಗೆ ನಿದ್ದೆಗೆಟ್ಟು ತಲುಪಿದ ಮೇಲೆ ‘ಫ್ರೆಶ್ ಅಪ್’ ಎಂದು ಕರೆದೊಯ್ಯುವ ಕೋಣೆಯಲ್ಲಿ ನಾಲ್ಕೈದು ಕುಟುಂಬಗಳ ಚೀಲಗಳು ಒಂದೇ ಮಂಚದ ಮೇಲೆ ರಾಶಿ ಬಿದ್ದಿರುತ್ತವೆ, ಒಂದೇ ಬಚ್ಚಲಿನ ಮುಂದೆ ಹೆಂಗಸರೂ ಮಕ್ಕಳೂ ಟವೆಲ್ ಹಿಡಿದು ಸಾಲು ನಿಂತಿರುತ್ತಾರೆ, ಗೀಸರಿನ ನೀರು ಮೊದಲ ಇಬ್ಬರಿಗೇ ಮುಗಿದಿರುತ್ತದೆ. ನಿಜವಾದ ಕೋಣೆ ಕೈಗೆ ಸಿಗುವುದು ಸಂಜೆ. ನಡುವಿನ ಹೊತ್ತಿನಲ್ಲಿ ಟೆಂಪೊ ನಿಮ್ಮನ್ನು ಎಂಟು ‘ಪಾಯಿಂಟು’ಗಳಿಗೆ ಓಡಿಸುತ್ತದೆ; ಅವುಗಳಲ್ಲಿ ಎರಡೋ ಮೂರೋ ಚಹಾ, ಚಾಕೊಲೇಟ್ ಮತ್ತು ನೀಲಗಿರಿ ಎಣ್ಣೆಯ ಅಂಗಡಿಗಳು. ಅಲ್ಲಿ ನೀವು ಕೊಂಡದ್ದರ ಕಮಿಷನ್ ಟೆಂಪೊದವರಿಗೆ ಹೋಗುತ್ತದೆ, ಆದ್ದರಿಂದಲೇ ಸಸ್ಯೋದ್ಯಾನದಲ್ಲಿ ಮುಕ್ಕಾಲು ಗಂಟೆ ಕೊಡುವವರು ಅಂಗಡಿಯಲ್ಲಿ ಒಂದು ಗಂಟೆ ಕೊಡುತ್ತಾರೆ. ಮಧ್ಯಾಹ್ನದ ಊಟ, ಪ್ರವೇಶ ಶುಲ್ಕ, ದೋಣಿಯ ಟಿಕೆಟ್ ಸಾಮಾನ್ಯವಾಗಿ ಇದಕ್ಕೆ ಹೊರತು. ಕೊನೆಗೆ ಲೆಕ್ಕ ಹಾಕಿದರೆ ನಿಮ್ಮ ಇಪ್ಪತ್ತು ಸಾವಿರದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಅದೇ ಹಣದಲ್ಲಿ ಸ್ವಂತವಾಗಿ ಹೋಗಿ ಬರಬಹುದು. ಅದಕ್ಕೆ ಮೊದಲು ದಿನಾಂಕ ಬದಲಿಸಬೇಕು. ಖರ್ಚನ್ನು ತೀರ್ಮಾನಿಸುವುದು ನೀವು ಹೋಗುವ ವಾರ. ಹೋಟೆಲಿನವರೊಡನೆ ಎಷ್ಟು ಚೌಕಾಸಿ ಮಾಡಿದರೂ ಆ ವಾರದ ದರ ಹೆಚ್ಚು ಇಳಿಯುವುದಿಲ್ಲ. ಮೇ ತಿಂಗಳಲ್ಲಿ ಸಸ್ಯೋದ್ಯಾನದ ಪುಷ್ಪ ಪ್ರದರ್ಶನವಿರುತ್ತದೆ, ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯಗಳ ಶಾಲೆಗಳಿಗೆ ಒಟ್ಟಿಗೆ ರಜೆಯಿರುತ್ತದೆ, ಸಾಧಾರಣ ವಸತಿಗೃಹಗಳೂ ದರವನ್ನು ಎರಡರಷ್ಟು ಮಾಡುತ್ತವೆ. ಜನದಟ್ಟಣೆ ಎಷ್ಟಾಗಿದೆಯೆಂದರೆ ಮದ್ರಾಸ್ ಹೈಕೋರ್ಟ್‌ನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲ್‌ಗೂ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಿಗೆಗೆ ನೀಲಗಿರಿಯಲ್ಲಿ ವಾರದ ದಿನಗಳಂದು 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿಯನ್ನೂ ನ್ಯಾಯಾಲಯ ಹಾಕಿತು. ನಮ್ಮ ರಾಜ್ಯದ ಬಹುತೇಕ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಸಿಗುತ್ತದೆ, ತಮಿಳುನಾಡಿನ ಶಾಲೆಗಳಲ್ಲಿ ಸಾಮಾನ್ಯವಾಗಿ ಆಗಿನ್ನೂ ಪರೀಕ್ಷೆಗಳು ನಡೆಯುತ್ತಿರುತ್ತವೆ. ಆ ಅಂತರವನ್ನು ಬಳಸಿಕೊಳ್ಳಿ. ತಮಿಳರ ಹೊಸ ವರ್ಷ, ವಿಷು, ಅಂಬೇಡ್ಕರ್ ಜಯಂತಿ ಸೇರಿ ಬರುವ ಏಪ್ರಿಲ್ 14ರ ಆಸುಪಾಸನ್ನು ಬಿಟ್ಟು, ನಂತರದ ಒಂದು ಮಂಗಳವಾರ ಹೊರಟು ಗುರುವಾರ ಮರಳಿ. ಗಂಡಸರಿಗೆ ಕಚೇರಿಯ ರಜೆ ಸಿಗದು ಎಂಬ ಕಾರಣಕ್ಕೆ ಶನಿವಾರವೇ ಬೇಕೆನ್ನುವವರು ಇಪ್ಪತ್ತು ಸಾವಿರದ ಮಾತನ್ನು ಬಿಡುವುದು ಒಳ್ಳೆಯದು.

ಎರಡನೆಯದು ಬಸ್ಸು. ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಬೆಳಗಿನ ಕೆ.ಎಸ್.ಆರ್.ಟಿ.ಸಿ. ಬಸ್ಸು ಹಿಡಿಯಿರಿ, ರಾತ್ರಿಯದು ಬೇಡ. ರಾತ್ರಿ ಹೋದರೆ ಒಂದು ದಿನ ಉಳಿಯುತ್ತದೆ ಎಂಬ ಲೆಕ್ಕವನ್ನು ಎಲ್ಲರೂ ನನಗೆ ಹೇಳುತ್ತಾರೆ. ಆದರೆ ವಸತಿಗೃಹದ ಚೆಕ್-ಇನ್ ಮಧ್ಯಾಹ್ನ 12ಕ್ಕೆ. ಬೆಳಗಿನ ಜಾವದ ಚಳಿಯಲ್ಲಿ ಏಳು ವರ್ಷದ ಮಗುವನ್ನು ಲಾಬಿಯ ಕುರ್ಚಿಯಲ್ಲಿ ಆರು ಗಂಟೆ ಕೂರಿಸಲಾಗದೆ ನೀವು ಅರ್ಧ ದಿನದ ಬಾಡಿಗೆ ಹೆಚ್ಚುವರಿಯಾಗಿ ಕೊಟ್ಟೇ ಕೊಡುತ್ತೀರಿ. ಬೆಳಿಗ್ಗೆ ಹೊರಟರೆ ಸುಮಾರು 280 ಕಿ.ಮೀ. ದಾರಿ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ, ಬಂಡೀಪುರ ಮತ್ತು ಮುದುಮಲೈ ಕಾಡು ಹಗಲು ಬೆಳಕಿನಲ್ಲಿ ಸಿಗುತ್ತದೆ, ಮಕ್ಕಳು ಜಿಂಕೆಗಳನ್ನಂತೂ ನೋಡಿಯೇ ನೋಡುತ್ತಾರೆ. ನಿಮ್ಮ ಮಕ್ಕಳಿಬ್ಬರೂ ಆರರಿಂದ ಹನ್ನೆರಡರ ಒಳಗಿನವರಾದ್ದರಿಂದ ಅವರಿಗೆ ಅರ್ಧ ಟಿಕೆಟ್. ನಾಲ್ವರೂ ಒಂದೇ ಟಿಕೆಟಿನಲ್ಲಿದ್ದರೆ ಶೇ 5, ಬರುವ ಟಿಕೆಟನ್ನೂ ಒಟ್ಟಿಗೆ ಮುಂಗಡ ತೆಗೆದರೆ ಅದರ ಮೇಲೆ ಶೇ 10 ರಿಯಾಯಿತಿಯನ್ನು ನಿಗಮ ಕೊಡುತ್ತಾ ಬಂದಿದೆ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಇ-ಪಾಸ್ ಬೇಕಿಲ್ಲ.

ಟ್ಯಾಕ್ಸಿ ಮಾಡುತ್ತೇವೆ ಎನ್ನುವವರು ಅದರ ಬಿಲ್ಲು ಹೇಗೆ ಬೆಳೆಯುತ್ತದೆ ಎಂಬುದನ್ನು ಮೊದಲು ತಿಳಿಯಲಿ. ಹೊರಊರಿನ ಬಾಡಿಗೆಗೆ ಇಲ್ಲಿ ದಿನಕ್ಕೆ ಕನಿಷ್ಠ 300 ಕಿ.ಮೀ. ಎಂದು ಲೆಕ್ಕ ಹಿಡಿಯುವುದು ರೂಢಿ; ಗಾಡಿ ಓಡಿದ್ದು 650 ಕಿ.ಮೀ. ಆದರೂ ಮೂರು ದಿನಕ್ಕೆ 900 ಕಿ.ಮೀ. ಹಣ ಕೊಡಬೇಕು. ಕಿ.ಮೀ.ಗೆ 13 ರೂಪಾಯಿ ಎಂದು ಹಿಡಿದರೂ 11,700 ಆಯಿತು, ಚಾಲಕರ ಬಾಟಾ, ಟೋಲ್, ಪರ್ಮಿಟ್ ಬೇರೆ. ಇದನ್ನು ಉಳಿಸಲೆಂದು ಪರಿಚಯದವರ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿಯಬೇಡಿ. ಅದು ಕಾನೂನಿಗೆ ವಿರುದ್ಧ, ಘಾಟಿಯಲ್ಲಿ ಅಪಘಾತವಾದರೆ ವಿಮೆಯವರು ಆ ಕಾರಣವನ್ನೇ ಮುಂದಿಟ್ಟು ಪರಿಹಾರ ನಿರಾಕರಿಸಬಹುದು.

ಮೂರನೆಯದು ಕೋಣೆ. ‘ವ್ಯೂ’ ಇರುವ ಕಾಟೇಜು ಊರಿನಿಂದ ಏಳೆಂಟು ಕಿ.ಮೀ. ದೂರದಲ್ಲಿ ಅಗ್ಗಕ್ಕೆ ಸಿಗುತ್ತದೆ. ಆದರೆ ಪ್ರತಿ ಸಲ ಊಟಕ್ಕೆ ಇಳಿದು ಬರಲು, ಮತ್ತೆ ಹತ್ತಿ ಹೋಗಲು ಆಟೊದವರಿಗೆ ಕೊಡುವ ಹಣ ಆ ಉಳಿತಾಯವನ್ನು ಎರಡೇ ದಿನದಲ್ಲಿ ತಿಂದುಹಾಕುತ್ತದೆ. ಚೇರಿಂಗ್ ಕ್ರಾಸ್‌ನಿಂದಲೋ ಬಸ್ ನಿಲ್ದಾಣದಿಂದಲೋ ನಡೆದು ಹೋಗುವಷ್ಟು ದೂರದಲ್ಲಿ, ರಾತ್ರಿಗೆ 3,500 ಮೀರದ ಕೋಣೆ ಹುಡುಕಿ. ಫರ್ನ್‌ಹಿಲ್‌ನಲ್ಲಿ ನಮ್ಮದೇ ರಾಜ್ಯದ ಪ್ರವಾಸೋದ್ಯಮ ನಿಗಮದ (ಕೆ.ಎಸ್.ಟಿ.ಡಿ.ಸಿ.) ಹೋಟೆಲ್ ಮಯೂರ ಸುದರ್ಶನ ಇದೆ, ಅದರ ದರವನ್ನೂ ಹೋಲಿಸಿ ನೋಡಿ. ಆ್ಯಪ್‌ನಲ್ಲಿ ಬುಕ್ ಮಾಡುವ ಮೊದಲು ವಸತಿಗೃಹಕ್ಕೇ ಫೋನ್ ಮಾಡಿ, ಬಿಸಿನೀರು ಎಷ್ಟರಿಂದ ಎಷ್ಟು ಗಂಟೆಯವರೆಗೆ ಬರುತ್ತದೆ, ಹನ್ನೊಂದು ವರ್ಷದ ಮಗುವಿಗೆ ಎಕ್ಸ್‌ಟ್ರಾ ಬೆಡ್ಡಿನ ಹಣ ಹಿಡಿಯುತ್ತಾರೆಯೇ, ತೆರಿಗೆ ಸೇರಿ ದರ ಎಷ್ಟು ಎಂದು ಕೇಳಿ, ಉತ್ತರವನ್ನು ಸಂದೇಶದಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ ‘ನೀವು ಬನ್ನಿ ಸಾರ್, ನೋಡೋಣ’ ಎನ್ನುವವರ ಕೋಣೆಗೆ ಮುಂಗಡ ಕಟ್ಟಬೇಡಿ.

ಇನ್ನು ನೋಡುವ ಜಾಗಗಳು. ಮೊದಲ ದಿನ ತಲುಪಿದ ಮೇಲೆ ಎಲ್ಲಿಗೂ ಹೋಗಬೇಡಿ. ಸಂಜೆ ಬೀದಿಯಲ್ಲಿ ಅಡ್ಡಾಡಿ ಬೇಗ ಮಲಗಿ. ಎರಡನೆಯ ದಿನ ಬೆಳಿಗ್ಗೆ, ಟೆಂಪೊಗಳು ಬರುವ ಮೊದಲೇ, 1848ರಲ್ಲಿ ಆರಂಭವಾದ ಸಸ್ಯೋದ್ಯಾನಕ್ಕೆ ಹೋಗಿ. ಮಧ್ಯಾಹ್ನ ಊಟಿಯಿಂದ ಕೂನೂರಿಗೆ ಪುಟ್ಟ ರೈಲಿನಲ್ಲಿ ಹೋಗಿ, ಸಿಮ್ಸ್ ಪಾರ್ಕ್ ನೋಡಿ, ಸರ್ಕಾರಿ ಬಸ್ಸಿನಲ್ಲಿ ಮರಳಿ. ಕಡಿದಾದ ಏರು ಹತ್ತಿಸುವ ಹಲ್ಲುಗಾಲಿ ಹಳಿ ಇರುವುದು ಮೇಟ್ಟುಪಾಳ್ಯ ಮತ್ತು ಕೂನೂರಿನ ನಡುವೆ ಎಂಬುದು ನಿಜ, ಆದರೆ ಅದಕ್ಕಾಗಿ ಕೊಯಮತ್ತೂರಿನತ್ತ ಸುತ್ತಿ ಹೋದರೆ ಅರ್ಧ ದಿನವೂ ಹಣವೂ ಕೈಬಿಡುತ್ತವೆ. ಊಟಿ-ಕೂನೂರು ಭಾಗವೂ 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅದೇ ನೀಲಗಿರಿ ರೈಲುಮಾರ್ಗದ್ದು; ಸುಮಾರು ಒಂದು ಗಂಟೆಯ ಪ್ರಯಾಣ ಮಕ್ಕಳಿಗೆ ಸಾಕಷ್ಟಾಯಿತು. ಮುಂಗಡ ಬುಕ್ಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ತೆರೆದ ದಿನವೇ ತೆಗೆಯಿರಿ. ಮೂರನೆಯ ದಿನ, ಮಂಜು ಕವಿಯುವ ಮೊದಲು ದೊಡ್ಡಬೆಟ್ಟಕ್ಕೆ ಹೋಗಿಬಂದು, ಮಧ್ಯಾಹ್ನದ ಬಸ್ಸು ಹಿಡಿಯಿರಿ. ಪೈಕಾರ, ಡಾಲ್ಫಿನ್ಸ್ ನೋಸ್ ಬಿಟ್ಟುಹೋಯಿತಲ್ಲ ಎಂದು ಕೇಳಬೇಡಿ. ಬಿಟ್ಟದ್ದಕ್ಕೇ ಮಕ್ಕಳು ಅಳದೆ ಮರಳುತ್ತಾರೆ.

ಲೆಕ್ಕ ಹೀಗೆ ಹಂಚಿಕೊಳ್ಳಿ: ಎರಡು ರಾತ್ರಿಯ ಕೋಣೆಗೆ 7,000, ಬಸ್ಸಿಗೆ 5,000, ಊಟ-ತಿಂಡಿಗೆ 4,000, ಅಲ್ಲಿನ ಓಡಾಟ ಮತ್ತು ಟಿಕೆಟುಗಳಿಗೆ 2,500. ಉಳಿದ 1,500 ಬೇರೆ ಪರ್ಸಿನಲ್ಲಿರಲಿ, ಚಾಕೊಲೇಟಿಗೂ ಕುದುರೆ ಸವಾರಿಗೂ ಅದನ್ನು ಮುಟ್ಟಬೇಡಿ. ರಾತ್ರಿ ಮಗುವಿಗೆ ಜ್ವರ ಬಂದರೆ ಬೇಕಾಗುವ ಹಣ ಅದು. ಸ್ಟೀಲ್ ಬಾಟಲಿಗಳಲ್ಲಿ ನೀರು ಒಯ್ಯಿರಿ: ನೀಲಗಿರಿ ಜಿಲ್ಲೆಯಲ್ಲಿ ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿಗಳಿಗೆ ನಿಷೇಧವಿದೆ, ಕಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ನೋಡುತ್ತಾರೆ.

ಪ್ರಶ್ನೆ: ಚಳಿಗೆ ಮಕ್ಕಳಿಗೆ ಒಂದು ಚಮಚ ಬ್ರಾಂಡಿ ಕೊಟ್ಟರೆ ಶೀತ ಆಗುವುದಿಲ್ಲ ಎಂದು ನೆರೆಮನೆಯವರು ಹೇಳುತ್ತಾರೆ. ನಿಜವೇ? (ಬಸವನಗುಡಿ)

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷವೂ ನನಗೆ ಸಿಟ್ಟು ಬರುತ್ತದೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದಂತೆ ಅನಿಸಿದರೂ ಒಳಗಿನ ಶಾಖ ಹೊರಗೆ ಹೋಗಿ ದೇಹ ಇನ್ನಷ್ಟು ತಣ್ಣಗಾಗುತ್ತದೆ. ಮಕ್ಕಳಲ್ಲಿ ಅದು ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಒಂದು ಹನಿಯನ್ನೂ ಕೊಡಬೇಡಿ. ಚಳಿಗೆ ಸಂಬಂಧಿಸಿದ ಇನ್ನೊಂದು ಅಪಾಯವನ್ನೂ ಇಲ್ಲೇ ಹೇಳುತ್ತೇನೆ: ಕಾಟೇಜಿನವರು ಕೊಡುವ ಇದ್ದಿಲ ಒಲೆಯನ್ನು ಬಾಗಿಲು ಮುಚ್ಚಿದ ಕೋಣೆಯೊಳಗೆ ಇಟ್ಟುಕೊಂಡು ಎಂದಿಗೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಇನ್ನೊಂದು ಕಂಬಳಿ ಕೇಳಿ ಪಡೆಯಿರಿ, ಅದಕ್ಕೆ ಹಣ ಕೇಳಿದರೆ ಕೊಡಿ.

ಪ್ರಶ್ನೆ: ಎತ್ತರದ ಜಾಗವಾದ್ದರಿಂದ ಕರ್ಪೂರ, ಆಕ್ಸಿಜನ್ ಡಬ್ಬಿ ಒಯ್ಯಬೇಕೇ?

ಉತ್ತರ: ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಆರೋಗ್ಯವಂತರಿಗೆ ಎರಡೂ ಬೇಕಿಲ್ಲ, ಹೃದಯ, ಶ್ವಾಸಕೋಶದ ಕಾಯಿಲೆ ಇರುವವರು ಡಬ್ಬಿ ಮಾರುವವರನ್ನು ಬಿಟ್ಟು ತಮ್ಮ ವೈದ್ಯರನ್ನು ಕೇಳಲಿ.

ಪ್ರಶ್ನೆ: ಊಟಿಯ ಬದಲು ಮಡಿಕೇರಿ ಅಥವಾ ಚಿಕ್ಕಮಗಳೂರು ಅಗ್ಗವಲ್ಲವೇ? (ಯಲಹಂಕ)

ಉತ್ತರ: ಸ್ವಂತ ಕಾರಿದ್ದರೆ ಅಗ್ಗ, ಇಲ್ಲದಿದ್ದರೆ ಅಲ್ಲ. ಆ ಕಡೆಯ ಹೋಮ್‌ಸ್ಟೇಗಳು ಊಟ ಸೇರಿಸಿ ತಲೆಗೆ ಇಷ್ಟು ಎಂದು ಹಣ ಪಡೆಯುತ್ತವೆ ಮತ್ತು ಹೆಚ್ಚಿನವು ತೋಟದ ಒಳಗಿರುವುದರಿಂದ ಪ್ರತಿ ಜಾಗಕ್ಕೂ ಜೀಪು ಹಿಡಿಯಬೇಕಾಗುತ್ತದೆ. ಕೊಡಗಿಗೆ ರೈಲೂ ಇಲ್ಲ. ಬಸ್ಸನ್ನೇ ನಂಬಿದ ಕುಟುಂಬಕ್ಕೆ ಊಟಿಯಲ್ಲಿ ನಡೆದು ನೋಡುವುದು ಹೆಚ್ಚು.

ಪ್ರಶ್ನೆ: ಮಾಲ್‌ನಲ್ಲಿ ಕೂಪನ್ ತುಂಬಿದ್ದಕ್ಕೆ ‘ಮೂರು ದಿನ ಉಚಿತ ವಾಸ’ ಬಂದಿದೆ ಎಂದು ಫೋನ್ ಮಾಡಿದ್ದಾರೆ. ದಂಪತಿ ಒಟ್ಟಿಗೆ ಬಂದು ತೆಗೆದುಕೊಂಡು ಹೋಗಬೇಕಂತೆ. (ಮಾರತ್ತಹಳ್ಳಿ)

ಉತ್ತರ: ಹೋಗಬೇಡಿ. ಎರಡು ಮೂರು ಗಂಟೆ ಕೂರಿಸಿ, ಲಕ್ಷಗಟ್ಟಲೆ ಬೆಲೆಯ ಹಾಲಿಡೇ ಕ್ಲಬ್ ಸದಸ್ಯತ್ವಕ್ಕೆ ಅಲ್ಲಿಯೇ ಕಾರ್ಡ್ ಉಜ್ಜಿಸಿಕೊಳ್ಳಲು ನೋಡುತ್ತಾರೆ. ದಂಪತಿಯನ್ನು ಒಟ್ಟಿಗೆ ಕರೆಯುವುದು, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದು ಎದ್ದು ಬರಲು ದಾರಿ ಇರಬಾರದೆಂದು. ಉಚಿತ ವಾಸದ ಚೀಟಿಗೆ ನೀವು ಕೇಳಿದ ದಿನ ಎಂದಿಗೂ ಸಿಗುವುದಿಲ್ಲ.

ಪ್ರಶ್ನೆ: ಸ್ವಂತ ಕಾರಿನಲ್ಲಿ ಮಸಿನಗುಡಿ ದಾರಿಯಲ್ಲೇ ಹೋಗಿ ಬರಬಹುದೇ? (ಕೆಂಗೇರಿ)

ಉತ್ತರ: ಹತ್ತಬಹುದು, ಇಳಿಯುವಂತಿಲ್ಲ. ಕಲ್ಹಟ್ಟಿ ಘಾಟಿಯ 36 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಬಿಸಿಯಾಗಿ ಅಪಘಾತಗಳಾಗಿರುವುದರಿಂದ ಹೊರಗಿನ ವಾಹನಗಳು ಇಳಿಯಲು ಬಿಡುವುದಿಲ್ಲ. ಗೂಡಲೂರಿನ ಮೇಲೆ ಮರಳಿ. ಘಾಟಿ ಹೊಸದಾದವರು ಹತ್ತುವಾಗಲೂ ಗೂಡಲೂರಿನ ದಾರಿಯನ್ನೇ ಹಿಡಿಯಲಿ ಎಂಬುದು ನನ್ನ ಅಭಿಪ್ರಾಯ. ಊಟಿಯನ್ನು ಮಧ್ಯಾಹ್ನ 3ರೊಳಗೆ ಬಿಡಿ. ಬಂಡೀಪುರದ ಗೇಟು ಮುಚ್ಚುವ ಮೊದಲು ದಾಟಬೇಕೆಂದು ಕಾಡಿನಲ್ಲಿ ಕಾರು ಓಡಿಸುವವರಿಂದಲೇ ಪ್ರಾಣಿಗಳು ಸಾಯುತ್ತಿವೆ.

ಪ್ರಶ್ನೆ: ಶಕ್ತಿ ಯೋಜನೆಯಲ್ಲಿ ಹೆಂಗಸರು ಊಟಿಗೆ ಉಚಿತವಾಗಿ ಹೋಗಬಹುದೇ?

ಉತ್ತರ: ಇಲ್ಲ, ಅದು ರಾಜ್ಯದೊಳಗಿನ ಪ್ರಯಾಣಕ್ಕೆ ಮಾತ್ರ.

ಪ್ರಶ್ನೆ: ಇ-ಪಾಸ್ ಮಾಡಿಸಿಕೊಡಲು 300 ರೂಪಾಯಿ ಕೇಳುತ್ತಿದ್ದಾರೆ. ಕೊಡಬೇಕೇ?

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ, ಗಾಡಿಯ ನಂಬರು, ಉಳಿಯುವ ಜಾಗ ತುಂಬಿದರೆ ಅದು ಉಚಿತವಾಗಿಯೇ ಸಿಗುತ್ತದೆ.