ಪದ್ಮಿನಿಯ ಹಿಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ (ಚಕ್ರದ ಜೊತೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂ ಎಂಬ ಬಾಗಿದ ತುಂಡುಗಳು ಒತ್ತುವಂಥದು). ಬೆಳಗಾವಿಯಿಂದ ಪುಣೆಗೆ ಮರಳುವಾಗ ಖಂಬಾಟ್ಕಿ ಸುರಂಗ ದಾಟಿದ ಮೇಲಿನ ಇಳಿಜಾರಿನಲ್ಲಿ ಪೆಡಲ್ ಮೆತ್ತಗಾಗುತ್ತದೆ. ಹಿಂದಿನ ಚಕ್ರಗಳಿಗೆ ಡಿಸ್ಕ್ (ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಹಿಡಿಯುವಂಥದು) ಹಾಕಿಸಿದರೆ ಸರಿಹೋಗುತ್ತದೆಯೇ? ಪುಣೆಯಲ್ಲಿ ನಾನೂ ಇದೇ ಗಾಡಿ ಇಟ್ಟುಕೊಂಡಿದ್ದೇನೆ. ನನ್ನ ಉತ್ತರ: ಹಾಕಿಸಬೇಡಿ.

ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಚಕ್ರಗಳದು, ಹಿಂದಿನವು ಹಗುರಾಗಿರುತ್ತವೆ. ಮುಂದೆ ಹಳೆಯ ಡ್ರಮ್ ಉಳಿಸಿಕೊಂಡು ಹಿಂದಿನ ಬ್ರೇಕನ್ನಷ್ಟೇ ಬಲಪಡಿಸಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ನಿಲ್ಲುತ್ತವೆ. ತಿರುಗದ ಚಕ್ರಕ್ಕೆ ಪಕ್ಕಕ್ಕೆ ಜಾರದಂತೆ ಹಿಡಿಯುವ ಶಕ್ತಿ ಇರುವುದಿಲ್ಲ. ಮಳೆಗಾಲದ ಘಾಟಿಯಲ್ಲಿ, ಡಿಕ್ಕಿ ಖಾಲಿಯಿದ್ದರೆ, ಗಾಡಿ ಗಿರಕ್ಕನೆ ತಿರುಗಿಬಿಡುತ್ತದೆ. ಇಂದಿನ ಎಷ್ಟೋ ಹೊಸ ಸಣ್ಣ ಕಾರುಗಳಲ್ಲೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದು ಬರೀ ಜಿಪುಣತನದಿಂದಲ್ಲ.

ಇನ್ನು ಡಿಸ್ಕ್ ಒಂಟಿಯಾಗಿ ಬರುವ ನೆಂಟನಲ್ಲ. ಡ್ರಮ್ಮಿನಲ್ಲಿ ಒಂದು ಶೂವನ್ನು ತಿರುಗುವ ಡ್ರಮ್ಮೇ ಎಳೆದು ತನಗೆ ಒತ್ತಿಕೊಳ್ಳುತ್ತದೆ. ಕಾಲಿನ ಶ್ರಮ ಅಷ್ಟು ಕಡಿಮೆ. ಡಿಸ್ಕಿಗೆ ಆ ನೆರವಿಲ್ಲ, ಹೆಚ್ಚು ಒತ್ತಡ ಬೇಕು. ಆಗ ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಬೇಕೆನ್ನಿಸುತ್ತದೆ. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ ತಳ್ಳುವಷ್ಟು ಆಯಿಲ್, ಡ್ರಮ್ಮಿಗಾಗಿ ಮಾಡಿದ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಪಂಪಿನಿಂದ) ಬರದೆ ಹೋಗಬಹುದು. ಡ್ರಮ್ಮಿಗೆಂದು ಆಯಿಲ್ ಲೈನಿನಲ್ಲಿ ಒತ್ತಡ ಉಳಿಸುವ ವಾಲ್ವ್ ಇದ್ದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಇರುವುದೂ ಹಿಂದಿನ ಡ್ರಮ್ಮಿಗೇ. ಅದನ್ನು ಎಲ್ಲಿಗೆ ಸಿಕ್ಕಿಸುತ್ತೀರಿ ಎಂದು ಗ್ಯಾರೇಜಿನವರನ್ನು ಕೇಳಿ ನೋಡಿ. ಬಹಳ ಮಂದಿ ಅಲ್ಲೇ ಮೌನವಾಗುತ್ತಾರೆ. ಆಯಿಲ್ ಲೈನನ್ನು ಲಾಕ್ ಮಾಡುವ ವಾಲ್ವ್ ಇದಕ್ಕೆ ಪರ್ಯಾಯವಲ್ಲ. ಒತ್ತಡ ಸೋರಿದರೆ ನಿಲ್ಲಿಸಿಟ್ಟ ಗಾಡಿ ತಾನಾಗಿ ಹೊರಡುತ್ತದೆ.

ನಿಮ್ಮ ತೊಂದರೆಯ ಮೂಲ ಬಿಸಿ. ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಶೂವಿನ ಮೇಲಿನ ಉಜ್ಜುವ ಪದರ, ಅಂದರೆ ಲೈನರಿನ ಹಿಡಿತವೂ ಸಡಿಲುತ್ತದೆ. ಬ್ರೇಕ್ ಆಯಿಲ್ ಹಳೆಯದಾದರಂತೂ ಕೇಳುವುದೇ ಬೇಡ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿಕೊಂಡ ಮೇಲೆ ಈ ಮಿತಿ 140ರವರೆಗೂ ಇಳಿಯಬಹುದು. ಕುದಿದು ಆವಿಯಾದರೆ ಪೆಡಲ್ ಮೆತ್ತಗಾಗದೆ ಇನ್ನೇನಾಗುತ್ತದೆ? ಆದ್ದರಿಂದ ಮೊದಲು ಆಯಿಲನ್ನು ಪೂರ್ತಿ ಬದಲಿಸಿ, ಬ್ಲೀಡ್ ಮಾಡಿಸಿ (ಲೈನಿನೊಳಗಿನ ಗಾಳಿ ತೆಗೆಸಿ). ಉಬ್ಬಿದ ರಬ್ಬರ್ ಹೋಸ್, ಸೋರುವ ವೀಲ್ ಸಿಲಿಂಡರ್ (ಚಕ್ರದಲ್ಲಿ ಶೂಗಳನ್ನು ತಳ್ಳುವ ಭಾಗ) ಬದಲಿಸಿ. ಡ್ರಮ್ ಸವೆದು ಏಣು ಬಿದ್ದಿದ್ದರೆ, ಸವೆತ ಮಿತಿಯೊಳಗಿದ್ದರೆ ಮಾತ್ರ, ಒಳಮೈ ಸಮ ಮಾಡಿಸಲು ಲೇತ್‌ಗೆ ಕೊಡಿ. ಹೊಸ ಲೈನರ್ ಆ ಡ್ರಮ್ಮಿನ ಬಾಗಿಗೆ ಪೂರ್ತಿ ಕೂರಬೇಕು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ.

ಇಷ್ಟಾದ ಮೇಲೂ ಡಿಸ್ಕ್ ಬೇಕೇ ಬೇಕೆನಿಸಿದರೆ ಮುಂದಿನ ಚಕ್ರಗಳಿಗೆ ಹಾಕಿಸಿ, ಹೊಂದುವ ಮಾಸ್ಟರ್ ಸಿಲಿಂಡರ್ ಸಮೇತ. ವಿಮೆಯವರಿಗೆ ಮೊದಲೇ ಬರೆದು ತಿಳಿಸಿ. ತೆಗೆದ ಡ್ರಮ್‌ಗಳನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿ. ಪದ್ಮಿನಿ ತಯಾರಿಕೆ ನಿಂತು ಎರಡು ದಶಕ ದಾಟಿದೆ, ಒಳ್ಳೆಯ ಜೋಡಿ ಸುಲಭಕ್ಕೆ ಸಿಗುವುದಿಲ್ಲ.